ಗಾಡ್ಯಾಗಿನ ಫರ್ಸಿ ನೆಲ

ಗಾಡ್ಯಾಗ ಫರ್ಸಿ ಹಾಸಿದ ಮನುಷ್ಯಾನ್ನ ಎಲ್ಲೆರೆ ನೋಡೀರೇನ್ರಿ? ನಾ ನೋಡೀನಿ. ನೋಡೂದೇನ್ ಬಂತು, ಮೂವತ್ತೆಂಟು ವರ್ಷ ಅವರ ಕೂಡ ಬಾಳ್ವಿ ಮಾಡೀನಿ. ಅಂಬಾರಾಯ ಅಂತ ಹೆಸರು. ಶಹಾಬಾದದಾಗ ಫರ್ಸಿ ಮೇಸ್ತ್ರಿ ಅಂಬಾರಾಯ ಅಂದ್ರ ಸಣ್ಣ ಕೂಸು ಸೈತ ಮನಿ ತೋರಸ್ತದ. ಗಂಡನ ಹೆಸರು ತೊಗೊಂಡ್ಳು ಅಂತ ನಗಬ್ಯಾಡ್ರಿ, ಹೆಸರು ಇಟ್ಟಿದ್ದೇ ಕರೀಲಿಕ್ಕ. ನಾ ತುಳಜಾಬಾಯಿ. ಇಪ್ಪತ್ತು ವರ್ಷ ಸಾಲ್ಯಾಗ ಬಿಸಿಯೂಟದ ಅಡಗಿ ಮಾಡಿದಾಕಿ, ಮುನ್ನೂರು ಹುಡುಗರನ್ನ ಒಂದು ಸೌಟಿನ ಮ್ಯಾಲ ಸಂಭಾಳಿಸಿದಾಕಿ. ಈ ಒಬ್ಬ ಮನುಷ್ಯಾನ್ನ ಸಂಭಾಳಿಸೂದು ಮಾತ್ರ ನನ್ನ ಕೈಲೆ ಆಗಲಿಲ್ಲ.

ಫರ್ಸಿ ಅಂದ್ರ ನಮ್ಮ ಖಣಿಯಾಗ ಪದರ ಪದರ ಎದ್ದು ಬರೋ ಬೂದಿ ಬಣ್ಣದ ಕಲ್ಲು. ಅದನ್ನ ಕಡದು, ತಿಕ್ಕಿ, ಮಂದಿ ಮನಿ ನೆಲಕ್ಕ ಹಾಸೂದು ಅವರ ಕಸಬು. ಸೈಕಲ್ಲಿಗೆ ಸುತ್ತಗಿ, ದಾರ, ಲೇವಲ್ ಪಟ್ಟಿ ಕಟ್ಕೊಂಡು ವಾಡಿ, ಚಿತ್ತಾಪುರ. ಬಸ್ಸು ಹತ್ತಿ ಸೇಡಂ, ಆ ಕಡಿ ಚಿಮ್ಮನಚೋಡದ ತನಕ ಹೋಗಿ ಹಾಸಿ ಬಂದಾರ. ಮೊದಲು ಉಸುಕು ಹರವಿ, ನೀರು ಹೊಡದು, ಹಿಮ್ಮಡಿಲೆ ಒದ್ದು ನೋಡೂದು. ಹಿಮ್ಮಡಿ ಇಳೀಲಿಲ್ಲಂದ್ರ ‘ತಳ ಛಲೋ ಅದ’ ಅಂತ ಶುರು ಮಾಡೂದು. ಒಳಗಿನ ಮೂಲಿಯಿಂದ ಹಾಸ್ಕೋತ, ಹಿಂದ ಹಿಂದ ಸರಕೋತ, ಬಾಗಲಿಗೆ ಬಂದು ಮುಗಸೂದು. ಕಡೀಕ ಒಂದು ತಂಬಗಿ ನೀರು ಚೆಲ್ಲಿ, ಅದು ಎಲ್ಲಿಗೆ ಹೋಗ್ತದ ನೋಡಿ, ಆಮ್ಯಾಲೇ ಬೀಡಿ ಹಚ್ಚೂದು.

ಒಂದೂರಾಗ, ಹೆಸರು ಬ್ಯಾಡ ಬಿಡ್ರಿ, ಹಂಗೇ ಹಾಸ್ಕೋತ ಹೊಸ್ತಿಲದ ಹೊರಗ ಬಂದು ನಿಂತ್ರಂತ. ಮರುದಿನ ಸಂದಿ ತುಂಬಲಿಕ್ಕ ಹೋದ್ರ ಮನಿಯವರು, ‘ಪೂಜಿ ಆಗ್ಯದಪಾ, ಇನ್ನ ನೀ ಒಳಗ ಬರಬ್ಯಾಡ, ಉಳದದ್ದು ನಾವೇ ಮಾಡ್ಕೋತೀವಿ’ ಅಂದ್ರಂತ. ಒಂದೊಂದು ಕಲ್ಲೂ ಇವರು ಎತ್ತಿ ಇಟ್ಟಿದ್ದು, ಅದರ ಮ್ಯಾಲ ಕಾಲಿಡಲಿಕ್ಕ ಇವರು ಬ್ಯಾಡ. ಇವರು ಸೈಕಲ್ ಹತ್ತಿ ಬಂದ್ರಂತ. ನಾ ಇದ್ದಿದ್ರ ತಂಬಗಿ ತೊಗೊಂಡು ತೆಲಿಗೆ ಕುಟ್ಟತಿದ್ದೆ.

ಆ ದಿನಾನೇ ನನಗ ಒಂದು ವಚನ ಕೊಟ್ರು. ನಮ್ಮದು ಆಗ ಬಾಡಗಿ ಖೋಲಿ, ಮಣ್ಣಿನ ನೆಲ, ಎಂಟು ದಿನಕ್ಕೊಮ್ಮೆ ನಾ ಮೊಣಕಾಲೂರಿ ಸಾರಸ್ತಿದ್ದೆ. ‘ತುಳಜಾ, ಒಂದಿಲ್ಲಾ ಒಂದು ದಿನ ನಿನಗ ನಾನೇ ಆರಿಸಿದ ಕಲ್ಲಿಲೆ ನಾನೇ ನೆಲ ಹಾಸಿ ಕೊಡ್ತೀನಿ. ಮುಗಸಿ ಹೊರಗ ಹೋಗಂಗಿಲ್ಲ, ಅದರ ಮ್ಯಾಲೇ ಮಕ್ಕೋತೀನಿ’ ಅಂದ್ರು.

ಈಗ ನನ್ನ ತಪ್ಪು ಹೇಳ್ತೀನಿ, ಕೇಳ್ರಿ. ಮುಚ್ಚಿಟ್ರ ಈ ಕಥಿ ನಿಮಗ ತಿಳಿಯಂಗಿಲ್ಲ. ನಮ್ಮ ಮಗ ಪ್ರಬುದ್ಧ ಚಿತ್ತಾಪುರದಾಗ ಹೈಸ್ಕೂಲ್ ಮಾಸ್ತರ. ಎರಡು ವರ್ಷದ ಹಿಂದ ಶಹಾಬಾದದಾಗೇ ಸ್ವಂತ ಮನಿ ಕಟ್ಟಿದ. ಇವರು ನೆಲಕ್ಕ ಅಂತ ಆರು ತಿಂಗಳ ಮೊದಲೇ ಖಣಿಯಾಗ ಕಲ್ಲು ಆರಿಸಿ, ಒಂದೊಂದನ್ನೂ ಬೆರಳಿಲೆ ಬಡದು ಸಪ್ಪಳ ಕೇಳಿ, ಬದಿಗಿ ಇಟ್ಟಿದ್ರು. ನಾ ಏನ್ ಮಾಡಿದೆ? ನಮ್ಮ ಓಣಿ ಜಗದೇವಿ ಮನ್ಯಾಗ ಬಿಳೀ ಟೈಲ್ಸ್ ನೋಡಿ ಬಂದು ಮಗನ ಕಿವ್ಯಾಗ ಊದಿದೆ. ಆಶಾ ಇತ್ತು, ಸುಳ್ಳ್ಯಾಕ ಹೇಳಲಿ. ಆದ್ರ ಬರೀ ಆಶಾ ಅಲ್ರಿ. ಫರ್ಸಿ ಅಂದ್ರ ನನಗ ಅವರ ಕೆಮ್ಮು ನೆನಪಾಗತಿತ್ತು, ಊದಿದ ಮೊಣಕಾಲು ನೆನಪಾಗತಿತ್ತು, ದಿನಾ ಅಂಗಿ ಝಾಡಿಸಿದ್ರ ಬೀಳೋ ಕಲ್ಲಿನ ಬೂದಿ ನೆನಪಾಗತಿತ್ತು. ಮನ್ಯಾಗೂ ಆ ಕಲ್ಲು ಬ್ಯಾಡಾಗಿತ್ತು ನನಗ. ‘ನಾ ಅಂದೆ ಅಂತ ಪಪ್ಪಾಗ ಹೇಳಬ್ಯಾಡ’ ಅಂತ ಮಗನ ಕಡಿಂದ ಆಣಿ ಮಾಡಿಸ್ಕೊಂಡೆ.

ಬಂಗಾರದಂಥ ಹುಡುಗ, ಎಲ್ಲಾ ತನ್ನ ಮ್ಯಾಲ ಹಾಕ್ಕೊಂಡ. ‘ಫರ್ಸಿ ಈಗ ಯಾರೂ ಹಾಕ್ಸಂಗಿಲ್ಲ ಪಪ್ಪಾ, ಟೈಲ್ಸ್ ತರಸೀನಿ’ ಅಂದ. ಇವರು ಅವನ ಮಾರಿ ನೋಡಿದ್ರು, ಹೂಂ ಅಂದ್ರು, ಅಷ್ಟೇ. ಅವತ್ತಿನಿಂದ ಮಗನ ಕೂಡ ಮಾತು ಬಂದ್. ‘ನಿನ್ನ ಮಗಗ ಹೇಳು ನಳ ಸೋರ್ಲಿಕತ್ತದ’, ‘ನಿನ್ನ ಮಗಗ ಕೇಳು ಪೇಪರ್ ಎಲ್ಲಿಟ್ಟಾನ’. ಒಂದೇ ಮನ್ಯಾಗ ಇಬ್ಬರು ಗಂಡಸರು, ನಡುವ ನಾ ಟಪಾಲಿನಾಕಿ. ಇವರು ಮಲಗೂದು ಸೈತ ಹೊರಗ ಬೇವಿನ ಗಿಡದ ಕೆಳಗ ಹೊರಸಿನ ಮ್ಯಾಲ. ಕೇಳಿದ್ರ ಟೈಲ್ಸ್ ಮ್ಯಾಲ ಕಾಲು ಜಾರತದ ಅನ್ನೋರು. ಮಗ ಊಟಕ್ಕ ಕುಂತಾಗ ಬಾಗಲ ಕಡಿ ನೋಡ್ಕೋತ ಒಂದೊಂದು ತುತ್ತು ತಿಂತಿದ್ದ. ಅದನ್ನ ನೋಡಿದ್ರೂ ಬಾಯಿ ಬಿಡಲಿಲ್ಲ ನಾ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡ್ರಂತ, ಹಂಗ ಟೈಲ್ಸ್ ಸುದ್ದಿ ಬಂದ್ರ ನಾ ಎದ್ದು ಅಡಗಿ ಮನಿಗೆ ಹೋಗತಿದ್ದೆ.

ಇಂಥಾದ್ರಾಗ ಈ ಗಾಡಿ ಬಂತು. ಒಂದು ಸಾಲಿಯವರು ತೆಗದುಹಾಕಿದ ಹಳೇ ಟೆಂಪೋ. ಇಪ್ಪತ್ತು ವರ್ಷ ಫರ್ಸಿ ಲಾರಿ ಹೊಡದ ತಾರೀಕ ಭಾಯಿ ಇವರ ಜೀವದ ಗೆಣಿಯಾ, ಇಬ್ಬರೂ ಕೂಡಿ ಅದನ್ನ ಮನಿ ಮಾಡ್ಕೊಂಡು ಸಮುದ್ರ ನೋಡಲಿಕ್ಕ ಹೋಗ್ತೀವಿ ಅಂದ್ರು. ಮಂಚ ಬಂತು, ಗ್ಯಾಸಿನ ಒಲಿ ಬಂತು, ನೀರಿನ ಟಾಕಿ ಬಂತು. ಒಂದಿನ ನೋಡ್ತೀನಿ, ಬದಿಗಿ ಇಟ್ಟಿದ್ದ ಕಲ್ಲಿನಾಗ ಹದಿನಾಲ್ಕು ತಂದು, ಕೆಳಗ ಹಳೇ ಟಯರಿನ ರಬ್ಬರ್ ಹಾಸಿ, ಸಂದಿಗೆ ಡಾಂಬರ ತುಂಬಿ, ಗಾಡ್ಯಾಗ ಫರ್ಸಿ ಕುಂದ್ರಿಸಿಬಿಟ್ಟಾರ!

‘ಅರೇ ಭಾಯ್, ಇದು ಗಾಡಿ ಅದ, ಮನಿ ಅಲ್ಲ. ಇಷ್ಟು ವಜ್ಜಿ ಹೊತ್ಕೊಂಡು ಎಲ್ಲಿ ಓಡ್ತದ?’ ಅಂತ ತಾರೀಕ ಭಾಯಿ ತೆಲಿ ಚಚ್ಚಿಕೊಂಡ.

‘ನೆಲ ಇಲ್ಲದ್ದು ಎಂಥಾ ಮನಿ?’ ಅಂದ್ರು ಇವರು. ತಾನು ಹಿಡಿದ ಮೊಲಕ್ಕ ಮೂರೇ ಕಾಲು. ಆಮ್ಯಾಲ ನನ್ನ ಕಡಿ ತಿರುಗಿ ‘ಬಾ ತುಳಜಾ, ಕಾಲಿಡು’ ಅಂದ್ರು. ಎರಡು ವರ್ಷಕ್ಕ ಮೊದಲನೇ ಸಲ ಆ ಮಾರಿ ಮ್ಯಾಲ ನಗಿ ನೋಡಿದೆ. ಕಾಲಿಟ್ಟೆ, ತಣ್ಣಗಿತ್ತು. ನನಗ ಅಳು ಬಂತು, ಬೈದೆ. ಅಳು ಬಂದಾಗ ನಾ ಬೈತೀನಿ, ಅದು ನನ್ನ ಚಾಳಿ.

ಸಮುದ್ರ ನೋಡಬೇಕಂತ ಅವರಿಗೆ ಹುಚ್ಚು ಹಿಡದದ್ದು ಯಾಕಂದ್ರ, ಹಿಂದಕ ಒಮ್ಮೆ ಖಣಿಗೆ ಕಾಲೇಜ ಹುಡುಗರನ್ನ ಕರ್ಕೊಂಡು ಒಬ್ಬ ಮಾಸ್ತರ ಬಂದಿದ್ರಂತ. ಒಂದು ಫರ್ಸಿ ಮ್ಯಾಲ ತೆರಿತೆರಿ ಇದ್ದದ್ದು ತೋರಿಸಿ, ‘ಲೆಕ್ಕಕ್ಕ ಸಿಗಲಾರದಷ್ಟು ಹಿಂದ ಇಲ್ಲಿ ಸಮುದ್ರ ಇತ್ತು, ಇವು ಅದರ ತೆರಿ’ ಅಂದ್ರಂತ. ಅಂಥಾ ತೆರಿ ತಿಕ್ಕಿ ತಿಕ್ಕಿ ಸಪಾಟ ಮಾಡೂದೇ ಇವರ ದಂಧೆ! ಅವತ್ತಿನಿಂದ ತಿಕ್ಕುವಾಗೆಲ್ಲ ಕೈ ಜರಾ ತಡೀತಿತ್ತು ಅಂತಾರ.

ಕನ್ಯಾಕುಮಾರಿ ತನಕ ಹೋಗೂದು, ನಡುವ ಮುರ್ಡೇಶ್ವರದಾಗ ಒಂದು ಮಧ್ಯಾಹ್ನ ನಿಂತು ಬುತ್ತಿ ಉಂಡು ಮುಂದ ಹೋಗೂದು ಅಂತ ಮಾತಾತು. ನಾವು ಮೂವರೇ. ಪ್ರಬುದ್ಧ ಹೊರಗ ಬಂದು ಗಾಡಿ ಬಾಗಲ ಹಾಕಿದ, ‘ಹುಷಾರ್ ಪಪ್ಪಾ’ ಅಂದ. ಇವರು ನನಗ, ‘ಮನಿ ಕೀಲಿ ನಿನ್ನ ಮಗನ ಕಡಿ ಕೊಟ್ಟಿಯೇನು?’ ಅಂದ್ರು. ಈ ತಿರಗಾಟದಾಗ ಖರೇ ಹೇಳಿಬಿಡ್ತೀನಿ ಅಂತ ಅವಾಗೇ ಗಟ್ಟಿ ಮಾಡಿದೆ. ಹುಬ್ಬಳ್ಯಾಗ ಹೇಳ್ಬೇಕಂದೆ, ಆಗಲಿಲ್ಲ. ಘಾಟದಾಗ ಹೇಳ್ಬೇಕಂದೆ, ಅಲ್ಲಿ ಕಲ್ಲಿನ ವಜ್ಜಿಗೆ ಬ್ರೇಕ್ ಕಾದು ವಾಸನಿ ಹೊಡೀಲಿಕತ್ತು, ತಾರೀಕ ಭಾಯಿ ತೌಬಾ ತೌಬಾ ಅನ್ನಕೋತ ಇಳಿಸಿದ. ಹೇಳಿದ್ರ ಈ ಮನುಷ್ಯಾ ಮತ್ತ ಬೇವಿನ ಗಿಡದ ಕೆಳಗ ಹೋಗಿ ಕುಂದರ್ತಾರಲ್ಲ ಅಂತ ನನಗ ಅಂಜಿಕಿ.

ಘಾಟ ಇಳದ ಮ್ಯಾಲ ಗಾಳೀನೇ ಬ್ಯಾರೆ ಆತು. ಹಸಿ ಹಸಿ, ಉಪ್ಪುಪ್ಪು, ಮೈಗೆ ಹತ್ತಿಕೊಂಡು ಬಿಡವಲ್ದು. ತೆಂಗಿನ ಗಿಡಗಳ ಸಂದ್ಯಾಗ ನೀಲಿ ಕಂಡು ಮಾಯ ಆಗತಿತ್ತು, ಕಂಡು ಮಾಯ ಆಗತಿತ್ತು. ನಮ್ಮ ಕಡಿ ಬಿಸಲಿಗೆ ಒಂದು ಅಂಚು ಇರತದ, ಇಲ್ಲಿ ಬಿಸಲು ಸೈತ ನೀರಾಗ ನೆನಸಿಟ್ಟಂಗ ಮೆತ್ತಗಿತ್ತು. ಮುರ್ಡೇಶ್ವರದ ದಂಡಿಗೆ ಬಂದ್ರ ಜಾತ್ರಿ ಹಂಗ ಮಂದಿ. ಚಡ್ಡಿ ಹಾಕ್ಕೊಂಡ ಮುದುಕರು, ಎಳನೀರಿನ ಬಂಡಿ, ಬಣ್ಣದ ದೋಣಿ. ದೂರ ಗೋಪುರ ಹೊಗಿಯಾಗ ನಿಂತಂಗ ಕಾಣತಿತ್ತು.

ತಾರೀಕ ಭಾಯಿ ಮ್ಯಾಲೇ ರೋಡಿಗೆ ಗಾಡಿ ನಿಂದ್ರಿಸ್ತೀನಿ ಅಂದ. ಇವರು ಕೆಳಗಿಳದು, ನೀರಿನ ಹತ್ರ ಹಸಿ ಉಸುಕಿನ ಮ್ಯಾಲ ಹೋಗಿ ಹಿಮ್ಮಡಿಲೆ ಒದ್ದು ನೋಡಿದ್ರು. ಮತ್ತೊಮ್ಮೆ ಒದ್ದು ನೋಡಿದ್ರು. ‘ತಾರೀಕ, ಇಲ್ಲಿ ತೊಗೊಂಡ್ ಬಾ! ಇಂಥಾ ತಳ ಜನ್ಮದಾಗ ನೋಡಿಲ್ಲ. ಖಡಕ್ ಅದ!’ ಅಂದ್ರು. ನಲವತ್ತು ವರ್ಷದ ಮೇಸ್ತ್ರಿ ಹೇಳಿದ ಮ್ಯಾಲ ಯಾರು ಇಲ್ಲ ಅಂತಾರ್ರಿ? ಗಾಡಿ ಇಳಿಜಾರಿನಿಂದ ಇಳದು ನೀರಿಗೆ ಹತ್ತು ಮಾರು ದೂರ ನಿಂತಿತು. ನಮ್ಮೂರ ಕಾಗಿಣಾ ಹೊಳಿ ದಂಡಿ ಮುಂಜಾನಿ ಎಲ್ಲಿರತದ ಸಂಜೀಕೂ ಅಲ್ಲೇ ಇರತದ. ಸಮುದ್ರಾನೂ ಹಂಗೇ ಅಂತ ನಾವು ತಿಳಕೊಂಡಿವಿ, ಬೇಕೂಫ ಮಂದಿ.

ಬುತ್ತಿ ಬಿಚ್ಚಿದ್ರ ನನ್ನ ಖಡಕ್ ರೊಟ್ಟಿ ಗಾಳಿಗೆ ಮೆತ್ತಗಾಗಿ ಚಪಾತಿ ಹಂಗ ಮಡಚಲಿಕತ್ತಿದ್ದವು. ಶೇಂಗಾ ಹಿಂಡಿ ಹಚ್ಚಿಕೊಂಡು ಅವನ್ನೇ ಉಂಡಿವಿ. ಆಮ್ಯಾಲ ಇವರು ನೀರಿನ ಕಡಿ ಹೋದ್ರು. ತೆರಿ ಹಿಂದ ಸರದಲ್ಲಿ ಉಸುಕಿನ ಮ್ಯಾಲ ಸಣ್ಣ ಸಣ್ಣ ಗೆರಿ ಬಿದ್ದಿದ್ದವು, ಸಾಲು ಸಾಲು, ಕಣ್ಣು ಹರಿಯೋ ತನಕ. ಇವರು ನಿಂತಲ್ಲೇ ನಿಂತ್ರು. ಮೆಲ್ಲಕ ಮೊಣಕಾಲೂರಿದ್ರು. ಕೈಯಿಲೆ ಆ ಗೆರಿ ಸವರಲಿಕತ್ರು, ಕೂಸಿನ ಬೆನ್ನು ಸವರಿದಂಗ.

‘ತುಳಜಾ, ಇವು ಅವೇ’ ಅಂದ್ರು. ‘ಖಣಿಯಾಗ ಇದ್ದಾವಲ್ಲ, ಅವೇ ಇವು. ಆ ಮಾಸ್ತರ ಖರೇ ಹೇಳ್ಯಾನ. ನಾವು ಸಮುದ್ರದ ತಳದಾಗೇ ಮನಿ ಮಾಡ್ಕೊಂಡೀವಿ.’

ಅವರ ಕಣ್ಣಾಗ ನೀರಿತ್ತು. ಈಗ ಹೇಳ್ಬೇಕು ಅನಿಸ್ತು. ಇಂಥಾ ಹೊತ್ತಿನಾಗ ಹೆಂಗ ಹೇಳೂದು ಅಂತಾನೂ ಅನಿಸ್ತು. ಅವರ ಪಕ್ಕ ಕುಂತು ನಾನೂ ಗೆರಿ ಸವರಿದೆ.

ಮಧ್ಯಾಹ್ನ ಗಾಡಿಯೊಳಗ ಕಿಡಕಿ ತೆಗದು ಫರ್ಸಿ ಮ್ಯಾಲ ಅಡ್ಡಾದೆ. ಬೆನ್ನಿಗೆ ತಣ್ಣಗ, ಮುಖಕ್ಕ ಗಾಳಿ. ತೆರಿ ಬಂತು, ಹೋತು, ಬಂತು, ಹೋತು. ನಿದ್ದಿನೋ ಎಚ್ಚರೋ ತಿಳೀಲಿಲ್ಲ. ನಮ್ಮ ಖಣಿ ತುಂಬ ನೀಲಿ ನೀರು ನಿಂತಿತ್ತು. ಅದರ ತಳದಾಗ ನಮ್ಮ ಹಳೇ ಬಾಡಗಿ ಖೋಲಿ, ಒಲಿ ಉರೀಲಿಕತ್ತದ, ನೀರಾಗ ಉರೀಲಿಕತ್ತದ, ಆರವಲ್ದು. ಪ್ರಬುದ್ಧ ಸಣ್ಣಾಂವ, ಬರೇ ಮೈಲೆ ನೆಲದ ಮ್ಯಾಲ ಅಂಬೆಗಾಲು ಇಡಕೋತ ಹೊಂಟಾನ, ಇವರು ಹಿಂದ ಹಿಂದ ಸರಕೋತ ಅವನ ಮುಂದ ಒಂದೊಂದು ಕಲ್ಲು ಹಾಸ್ಕೋತ ಹೊಂಟಾರ. ಇಬ್ಬರೂ ನಗಲಿಕತ್ತಾರ. ಸಪ್ಪಳ ಇಲ್ಲ. ಅಷ್ಟು ಸುಖದ ಕನಸು ಮತ್ತೆಂದೂ ನನಗ ಬಿದ್ದಿಲ್ಲ.

ಸ್ಟೀಲಿನ ಲೋಟ ಗಡಗಡ ಅಂತ ಈ ತುದಿಯಿಂದ ಆ ತುದಿಗೆ ಉಳ್ಳಿ ಹೋತು, ಎಚ್ಚರಾತು. ಗಾಡಿ ಒಂದು ಕಡಿ ವಾಲಿತ್ತು. ಹೊರಗ ನೋಡ್ತೀನಿ, ಗಾಲಿ ಸುತ್ತ ನೀರು! ಒಬ್ಬ ದೋಣಿಯವ ಓಡಿ ಬಂದು, ‘ಅಜ್ಜಾ, ಗಾಡಿ ತೆಗೀರಿ! ಭರತ ಏರ್ತಾ ಇದೆ, ಇನ್ನೊಂದು ತಾಸಿಗೆ ಇಲ್ಲಿ ಸೊಂಟದ ಮಟ್ಟ ನೀರು’ ಅಂದ. ಸಮುದ್ರ ದಿನಾ ಏರ್ತದ, ಇಳೀತದ ಅನ್ನೂದು ನಮಗ ಅವತ್ತು ಗೊತ್ತಾತು. ತಾರೀಕ ಭಾಯಿ ಗಾಡಿ ಚಾಲೂ ಮಾಡಿದ. ಗಾಲಿ ಗರಗರ ತಿರುಗಿ ಇನ್ನೂ ಒಂದು ಗೇಣು ಒಳಗ ಹೋತು. ಮತ್ತ ಮಾಡಿದ, ಮತ್ತ ಹೋತು.

‘ವಜ್ಜಿ ಇಳಸ್ರಿ’ ಅಂದ ದೋಣಿಯವ. ‘ಗಾಲಿ ಕೆಳಗೆ ಏನಾದ್ರೂ ಗಟ್ಟಿಯಾದ್ದು ಕೊಡ್ರಿ. ಹಲಗಿ ಇದೆಯಾ?’

ಹಲಗಿ ಎಲ್ಲಿಂದ ಬರಬೇಕು. ತಾರೀಕ ಭಾಯಿ ಇವರ ಮಾರಿ ನೋಡಿದ. ನಾನೂ ನೋಡಿದೆ. ಇವರು ಬಾಗಲದಾಗ ನಿಂತು ಆ ನೆಲ ನೋಡಿದ್ರು, ಎಷ್ಟು ಹೊತ್ತೋ. ಬ್ಯಾಡ ಅಂತ ನನ್ನ ಬಾಯಿಗೆ ಬಂದಿತ್ತು. ಗಾಡಿ ಹೋದ್ರ ಹೋಗ್ಲಿ, ನನ್ನ ನೆಲ ಕೀಳಬ್ಯಾಡ್ರಿ ಅಂತ. ಅಷ್ಟರಾಗ ಇವರು ಕಬ್ಬಿಣದ ಹಾರಿ ತೊಗೊಂಡು ಬಾಗಲ ಕಡಿ ಮೊದಲನೇ ಕಲ್ಲಿನ ಸಂದ್ಯಾಗ ಹಾಕಿ ಎತ್ತಿದ್ರು.

ಒಂದು, ಎರಡು, ಮೂರು. ತಾವೇ ಎದಿಗೆ ಅವಚಿಕೊಂಡು ನೀರಾಗ ಇಳದ್ರು, ಯಾರಿಗೂ ಮುಟ್ಟಗೊಡಲಿಲ್ಲ. ಗಾಲಿ ಮುಂದ ಉಸುಕು ತೋಡಿ, ಕಲ್ಲಿಟ್ಟು, ಬಗ್ಗಿ ಒಂದು ಕಣ್ಣು ಮುಚ್ಚಿ ಲೇವಲ್ ನೋಡಿದ್ರು. ಹಾಂ! ಮೊಣಕಾಲು ಮಟ್ಟ ನೀರಾಗ ನಿಂತು ಲೇವಲ್ ನೋಡ್ತಾರ!

‘ಅರೇ ಭಾಯ್, ಜಲ್ದಿ! ಇಲ್ಲಿ ಯಾರು ಬಂದು ಸಂಸಾರ ಮಾಡ್ತಾರ?’ ಅಂತ ತಾರೀಕ ಭಾಯಿ ಒದರಿದ.

‘ಡೊಂಕ ಹಾಸಿದ್ರ ಒಡೀತದಲೇ’ ಅಂದ್ರು ಇವರು, ಮತ್ತ ಸುತ್ತಗಿಲೆ ಮೆಲ್ಲಕ ಬಡದ್ರು. ಎರಡು ಸಾಲು ಹಾಸಿದ್ರು, ಇಳಿಜಾರಿನ ಬುಡದ ತನಕ. ತೆರಿ ಬಂದು ಮುಚ್ಚತಿತ್ತು, ಹಿಂದ ಸರದಾಗ ಕಲ್ಲು ತೊಯ್ದು ಕರ್ರಗ ಹೊಳೀತಿದ್ದವು. ದೋಣಿಯವರು, ತಿರಗಾಟಕ್ಕ ಬಂದ ಮಂದಿ, ನಾನು, ಎಲ್ಲಾರೂ ಹಿಂದಿನಿಂದ ನೂಕಿದಿವಿ. ಗಾಡಿ ಒಮ್ಮೆ ನರಳಿ ಮೊದಲನೇ ಫರ್ಸಿ ಹತ್ತಿತು. ಆಮ್ಯಾಲ ಸಾಫ್ ಹೋತು ನೋಡ್ರಿ, ಮನಿ ಅಂಗಳದಾಗ ಹೋದಂಗ. ಮಂದಿ ಚಪ್ಪಾಳಿ ಹೊಡದ್ರು. ಹದಿನಾಲ್ಕರಾಗ ಮೂರೇ ಕಲ್ಲು ಒಡದಿದ್ದವು.

ಉಳದ ಹನ್ನೊಂದು ತೆಗೀಲಿಕ್ಕ ಇವರು ತಿರುಗಿ ಹೋದ್ರು. ಅಷ್ಟರಾಗ ನೀರು ತೊಡಿ ಮಟ್ಟ ಬಂದಿತ್ತು, ಕಲ್ಲು ಎಲ್ಲಿವ ಅಂತ ಕಾಣವಲ್ದು. ದೋಣಿಯವ ರಟ್ಟಿ ಹಿಡದು ಹಿಂದಕ್ಕ ಎಳದ. ಸೂರ್ಯ ಮುಳಗಲಿಕತ್ತಿದ್ದ, ಇಡೀ ನೀರು ಕುಂಕುಮದ ಬಣ್ಣ ಆಗಿತ್ತು. ಇವರು ತೊಯ್ದ ಧೋತರದಾಗ ದಂಡಿ ಮ್ಯಾಲ ನಿಂತ್ರು, ಕೈ ಎರಡೂ ಖಾಲಿ.

‘ಹೋತು ತುಳಜಾ’ ಅಂದ್ರು. ‘ನಿನಗಂತ ಹಾಸಿದ್ದೆ. ಅಲ್ಲಿ ನಿನ್ನ ಮಗ ಹಾಸಗೊಡಲಿಲ್ಲ, ಇಲ್ಲಿ ಇದು ಇರಗೊಡಲಿಲ್ಲ.’

ಅಲ್ಲಿಗೆ ನನ್ನ ತಾಳ್ಮಿ ಮುಗೀತು. ನನ್ನ ಹೊಟ್ಟಿ ಕೂಸು ಇನ್ನೆಷ್ಟು ದಿನ ನನ್ನ ಪಾಪ ಹೊರಬೇಕು? ‘ಅವನಲ್ಲ’ ಅಂದೆ. ‘ಟೈಲ್ಸ್ ಬೇಕು ಅಂದಾಕಿ ನಾನು. ಆಣಿ ಮಾಡಿಸಿ ಅವನ ಬಾಯಿ ಕಟ್ಟಿದೆ. ಬೈಯೂದಿದ್ರ ನನಗ ಬೈರಿ, ಹೊಡಿಯೂದಿದ್ರ ಹೊಡೀರಿ. ಅವನು ಎರಡು ವರ್ಷದಿಂದ ನಿಮ್ಮ ದಾರಿ ನೋಡ್ಕೋತ ಉಣ್ಣಲಿಕತ್ತಾನ.’

ಬೈತಾರ ಅಂದ್ಕೊಂಡೆ. ಬೈಲಿಲ್ಲ. ನನ್ನ ಮಾರಿ ನೋಡ್ಕೋತ ಅಲ್ಲೇ ಉಸುಕಿನಾಗ ಕುಂತುಬಿಟ್ರು. ‘ಎರಡು ವರ್ಷ’ ಅಂದ್ರು. ಮತ್ತ, ‘ಹೊಂಟಾಗ ಹುಷಾರ್ ಪಪ್ಪಾ ಅಂದ. ನಾ ಹೂಂ ಸೈತ ಅನಲಿಲ್ಲಲ್ಲ’ ಅಂದ್ರು. ಕತ್ತಲಾಗೋ ತನಕ ಹಂಗೇ ಕುಂತಿದ್ರು. ಆಮ್ಯಾಲ ಕೈ ಚಾಚಿ, ‘ಫೋನ್ ಕೊಡು’ ಅಂದ್ರು.

ನನ್ನ ನಂಬರ್ ನೋಡಿ ಪ್ರಬುದ್ಧ, ‘ಹಾಂ ಅವ್ವಾ, ಹೇಳು’ ಅಂದ. ನನಗೂ ಕೇಳಸ್ತಿತ್ತು.

‘ಅವ್ವ ಅಲ್ಲೋ. ನಾನು.’

ನನ್ನ ಮಗ ಗಾಬರಿಯಾಗಿ, ‘ಯಾಕ ಪಪ್ಪಾ? ಅವ್ವಗ ಏನಾತು?’ ಅಂದ. ನಾ ಸತ್ತರೇನೇ ಅಪ್ಪ ತನಗ ಫೋನ್ ಮಾಡ್ತಾನ ಅಂತ ತಿಳಕೊಂಡಿದ್ದ ಅವ.

ಇವರು, ‘ಅವ್ವಗ ಏನೂ ಆಗಿಲ್ಲಪಾ. ನೀ ಉಂಡಿಯೇನು?’ ಅಂದ್ರು.

‘ಈಗ ತಾಟು ಹಾಕ್ಕೊಂಡೀನಿ ಪಪ್ಪಾ.’

‘ಉಣ್ಣು. ಸಾವಕಾಶ ಉಣ್ಣು. ನಾ ಫೋನ್ ಇಡಂಗಿಲ್ಲ’ ಅಂದ್ರು.

ಅಲ್ಲಿ ಶಹಾಬಾದದಾಗ ನನ್ನ ಮಗ ಉಂಡು ಕೈ ತೊಳಿಯೋ ತನಕ ಇವರು ಫೋನ್ ಕಿವಿಗೆ ಹಿಡಕೊಂಡೇ ನಿಂತಿದ್ರು. ನನ್ನ ಕೂಡ ಮಾತ್ರ ಮಂಗಳೂರು ದಾಟೋ ತನಕ ಒಂದು ಮಾತು ಆಡಲಿಲ್ಲ.